ತೊಗಲಿಲ್ಲದ ಡೋಲು

ಕಡೆಮಕ್ಕಿ, ಬಾಳೂರು
3 ಡಿಸೆಂಬರ್ 2024

ಕೆಂಚಯ್ಯನಿಗೆ,

ಹಿರಿಯರಿಗೆ ‘ನೀವು’ ಅನ್ನುವುದು ನಮ್ಮ ಮನೆಯ ರೂಢಿ. ನಿನಗೆ ಅನ್ನಲಾರೆ. ಕ್ಷೇಮವೇ ಅಂತಲೂ ಕೇಳಲಾರೆ.

ನಾನು ಸುಕನ್ಯಾ. ಹೋದ ಸುಗ್ಗಿ ಹಬ್ಬದಲ್ಲಿ ಹಳ್ಳ ದಾಟುವ ಕಲ್ಲುಸಂಕದ ಮೇಲೆ ನೀನು ಕಡಿದು ಕೊಂದೆಯಲ್ಲ, ಆ ಶೇಷಪ್ಪನ ಮಗಳು. ಅಪ್ಪನ ಹೊಟ್ಟೆಯನ್ನು ಲುಂಗಿಯಲ್ಲಿ ಒತ್ತಿ ಹಿಡಿದುಕೊಂಡು ಜೀಪಿನಲ್ಲಿ ಮೂಡಿಗೆರೆಯವರೆಗೆ ಹೋದವಳು ನಾನೇ. ಬಣಕಲ್ ದಾಟುವಾಗ ಅಪ್ಪ ನನ್ನ ಹೆಸರು ಹೇಳಲಿಲ್ಲ, ಅಮ್ಮನ ಹೆಸರೂ ಹೇಳಲಿಲ್ಲ. ‘ಡೋಲು ಎಲ್ಲೇ?’ ಅಂದರು. ಅದೇ ಕೊನೆಯ ಮಾತು. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಆ ಮಾತಿಗಾಗಿ ಅಪ್ಪನ ಮೇಲೂ ಅಷ್ಟೇ ಇದೆ.

ಈ ಡೋಲಿನ ಹುಚ್ಚು ನನಗೆ ಯಾವತ್ತೂ ಹಿಡಿದಿರಲಿಲ್ಲ. ಬಣಕಲ್‌ನ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು ನಾನು. ಸುಗ್ಗಿ ಬಂತೆಂದರೆ ತಲೆನೋವಿನ ಮಾತ್ರೆ ಹೆಚ್ಚು ಖರ್ಚಾಗುತ್ತದೆ, ಅಷ್ಟೇ ಗೊತ್ತಿದ್ದದ್ದು. ಈಗ ಊರಿನ ಹಿರಿಯರ ಮನೆಮನೆಗೆ ಹೋಗಿ ಕೇಳಿ ತಿಳಿದುಕೊಂಡಿದ್ದೇನೆ. ಎರಡು ಊರಿನ ಸುಗ್ಗಿ ಮೇಳ ಒಂದೇ ದಾರಿಯಲ್ಲಿ ಎದುರಾದರೆ ಒಬ್ಬರು ತಡೆ ಪದ ಹಾಡಿ ದಾರಿ ಕಟ್ಟುತ್ತಾರೆ, ಇನ್ನೊಬ್ಬರು ಉತ್ತರ ಕೊಟ್ಟು ಬಿಡಿಸಿಕೊಳ್ಳಬೇಕು. ಗೊತ್ತಿಲ್ಲದವರು ಡೋಲನ್ನು ನೆಲಕ್ಕಿಳಿಸಿ ಅಲ್ಲೇ ಬಿಟ್ಟು ಹೋಗಬೇಕು. ಮುಂದಿನ ಸುಗ್ಗಿಗೆ ಅದೇ ಜಾಗದಲ್ಲಿ ಅದೇ ಪದಕ್ಕೆ ಉತ್ತರ ಕೊಟ್ಟರೆ ಡೋಲು ವಾಪಸ್ಸು, ಇಲ್ಲದಿದ್ದರೆ ಗೆದ್ದವರು ಅದನ್ನು ಸುಡುತ್ತಾರೆ. ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ಡೋಲು ಇಳಿಸಲೂ ಇಲ್ಲ. ನೀನು ಕಡಿದು ಕಿತ್ತುಕೊಂಡೆ.

ಪೊಲೀಸರು ಕತ್ತಿ ಒಯ್ದರು, ಡೋಲು ಬಿಟ್ಟರು. ನಮ್ಮ ಮುತ್ತಜ್ಜ ಹಲಸಿನ ಮರದಲ್ಲಿ ಕೊರೆದ ಆ ಡೋಲು ಈಗ ಬೈನೆಕೊಪ್ಪದಲ್ಲಿ ನಿನ್ನ ಮಗ ಅಣ್ಣಪ್ಪನ ಹತ್ತಿರ ಇದೆ. ನನ್ನ ಅಣ್ಣ ಜಯಪ್ರಕಾಶ್ ಎಸ್ಟೇಟಿನ ಜೀಪು ಓಡಿಸುವವನು. ಈಗ ದಿನಾ ತೋಟದ ಮರದ ಕೊಂಬೆ ಸವರುವ ಮರಗಸಿ ಕತ್ತಿಯನ್ನು ಅಂಗಳದ ಕಲ್ಲಿಗೆ ಮಸೆಯುತ್ತಾನೆ. ‘ಪದ ಗಿದ ಎಲ್ಲ ಬ್ಯಾಡ ಮಾರಾಯ್ತಿ, ಈ ಸಲ ಸಂಕದ ಮೇಲೆ ಅಣ್ಣಪ್ಪನ್ನ ಮಲಗಿಸ್ತೀನಿ’ ಅನ್ನುತ್ತಾನೆ.

ಅವನಿಗಿಂತ ಮೊದಲು ನಾನು ಸಂಕದ ಮೇಲೆ ನಿಂತು ಉತ್ತರ ಕೊಟ್ಟುಬಿಟ್ಟರೆ ಅವನು ಕತ್ತಿ ಎತ್ತಲು ಕಾರಣವೇ ಇರುವುದಿಲ್ಲ. ಹೆಂಗಸರು ದಾರಿಗೆ ನಿಲ್ಲುವ ಹಾಗಿಲ್ಲವಂತೆ. ಯಾರು ತಡೆಯುತ್ತಾರೋ ನೋಡೋಣ. ಉತ್ತರ ಗೊತ್ತಿರುವುದು ನಿನಗೆ ಮತ್ತು ನಿನ್ನ ಮಗನಿಗೆ ಮಾತ್ರ. ಬರೆದು ಕಳಿಸು. ಅಪ್ಪನ ಜೀವ ತಿಂದವನಿಂದ ಅದೊಂದಾದರೂ ಬರಲಿ.

ಸುಕನ್ಯಾ


ಜೈಲು, ಚಿಕ್ಕಮಗಳೂರು
20 ಡಿಸೆಂಬರ್ 2024

ಶೇಷಪ್ಪನ ಮಗಳಿಗೆ,

ಕಾಗದ ಬಂತು. ಏಳನೇ ಕ್ಲಾಸಿನವರೆಗೆ ಹೋದವನು, ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ಆಳುಗಳ ಹಾಜರಿ ಬರೆದವನು ನಾನು. ಬೇರೆಯವರಿಂದ ಓದಿಸಿಕೊಳ್ಳುವ ಗತಿ ಬಂದಿಲ್ಲ.

ಉತ್ತರ ಕೊಡುವುದಿಲ್ಲ. ಆ ಪದ ನಮ್ಮ ಮನೆಯ ಸೊತ್ತು. ಹೆಂಗಸಿಗೆ, ಅದೂ ಎದುರು ಊರಿನ ಹೆಂಗಸಿಗೆ ಕೊಟ್ಟರೆ ನಮ್ಮಜ್ಜ ಗುಂಡಿಯಿಂದ ಎದ್ದು ಬಂದು ಕಪಾಳಕ್ಕೆ ಬಿಗಿದಾನು.

ನಿಮ್ಮಪ್ಪ ಅವತ್ತು ಏನು ಅಂದ ಅಂತ ನಿನಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ‘ನಿನ್ನ ಪದಕ್ಕೆ ಉತ್ರನೇ ಇಲ್ಲ ಕಣೋ ಕೆಂಚ, ನಿಮ್ಮಜ್ಜ ಕಳ್ಳು ಕುಡ್ದು ಕಟ್ಟಿದ್ದು’ ಅಂದ. ಎರಡೂ ಊರಿನವರು ನಕ್ಕರು. ನನ್ನ ಸ್ವಂತ ಮೇಳದವರೂ ನಕ್ಕರು. ತಪ್ಪಾಯಿತು ಅಂತ ನಾನು ಯಾರ ಹತ್ತಿರವೂ ಹೇಳಿಲ್ಲ, ನಿನ್ನ ಹತ್ತಿರವೂ ಹೇಳುವುದಿಲ್ಲ.

ನಿನ್ನ ಅಣ್ಣನಿಗೆ ಒಂದು ಮಾತು ತಿಳಿಸು. ಅಣ್ಣಪ್ಪ ನನಗಿರುವ ಒಬ್ಬನೇ ಮಗ. ಅವನ ಮೇಲೆ ಕೈ ಇಟ್ಟರೆ, ಒಂದಲ್ಲ ಒಂದು ದಿನ ನಾನು ಇಲ್ಲಿಂದ ಹೊರಗೆ ಬಂದೇ ಬರುತ್ತೇನೆ. ಆಮೇಲೆ ನಿಮ್ಮ ಮನೆಯಲ್ಲಿ ಗಂಡಸಿನ ಸೊಲ್ಲು ಅಡಗಿಸುತ್ತೇನೆ.

ಇನ್ನು ಬರೆಯಬೇಡ.

ಕೆಂಚಯ್ಯ


ಬಣಕಲ್
27 ಜನವರಿ 2025

ಕೆಂಚಯ್ಯನಿಗೆ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ಏನು ಮಾಡುತ್ತೀಯ, ಅಲ್ಲಿಂದಲೇ ಕತ್ತಿ ಬೀಸುತ್ತೀಯಾ?

ಮೊನ್ನೆ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಅಣ್ಣ ನಿನ್ನ ಮಗನ ಮುಖಕ್ಕೆ ಜೀಪಿನ ವೀಲ್ ಸ್ಪ್ಯಾನರಿನಿಂದ ಹೊಡೆದ. ಕಾಫಿ ಮೂಟೆ ಇಳಿಸುತ್ತಿದ್ದವರೆಲ್ಲ ನಿಂತು ನೋಡಿದರು, ಒಬ್ಬನೂ ಬಿಡಿಸಲಿಲ್ಲ. ಅಣ್ಣಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಸೀದಾ ನಮ್ಮ ಅಂಗಡಿಗೇ ಬಂದ. ಬೇರೆ ಮೆಡಿಕಲ್ ಬಾಗಿಲು ಹಾಕಿತ್ತು. ಮುಂದಿನ ಎರಡು ಹಲ್ಲು ಅಂಗೈಯಲ್ಲೇ ಇದ್ದವು. ರಕ್ತ ಒರೆಸಿ ಹತ್ತಿ ಇಟ್ಟವಳು ನಾನು. ಪೊಲೀಸ್ ಕಂಪ್ಲೇಂಟ್ ಕೊಡಲ್ವಾ ಅಂತ ಕೇಳಿದೆ. ‘ನಿಮ್ಮಣ್ಣಂಗೆ ಹೇಳಿ, ಸುಗ್ಗಿ ತನ್ಕ ಸ್ವಲ್ಪ ತಡ್ಕೊ ಅಂತ. ಪದ ಹಾಡಕ್ಕೆ ಉಳಿದ್ ಹಲ್ಲಾದ್ರೂ ಬೇಕಲ್ಲ’ ಅಂದ. ನನಗೆ ನಗು ಬಂದುಬಿಟ್ಟಿತು, ಹಾಳಾದ್ದು. ಆಮೇಲೆ ಒಳಗೆ ಹೋಗಿ ಅತ್ತೆ.

ನಿನ್ನ ಮಗ ಕಾಯುತ್ತಿದ್ದಾನೆ, ನನ್ನ ಅಣ್ಣನೂ ಕಾಯುತ್ತಿದ್ದಾನೆ. ನಿನ್ನ ಅಜ್ಜನ ಮರ್ಯಾದೆ ನಿನಗೆ ಮುಖ್ಯವಾದರೆ ಹಾಗೇ ಇರು. ಹೆಣ ಮಾತ್ರ ನಿನ್ನದೇ ಮನೆಯದು.

ನೀನು ಕೊಡದಿದ್ದರೂ ಪದ ನನಗೆ ಸಿಕ್ಕಿದೆ. ನಮ್ಮೂರಿನ ಮುತ್ತಮ್ಮ, ಅಮ್ಮನ ಜೊತೆಗಾರ್ತಿ, ಮೆಣಸು ಬಿಡಿಸುತ್ತ ಕೂತಿದ್ದವಳು ಅದನ್ನು ಗುನುಗಿದಳು. ಗಂಡಸರು ದಾರಿಯಲ್ಲಿ ಕೂಗುವುದು ಬಚ್ಚಲಿಗೂ ಕೇಳಿಸುತ್ತದಲ್ಲ!

ಏಳು ಗುಡ್ಡ ದಾಟಿ ಬಂದೆ, ಏನು ತಂದೆಯೋ
ತೊಗಲಿಲ್ಲದ ಡೋಲ ಸದ್ದ ನೀನು ಬಲ್ಲೆಯೋ
ಬಲ್ಲೆಯಾದ್ರೆ ಬಡಿದು ತೋರು, ಇಲ್ಲ ಇಳಿಸು ಡೋಲ

ಇನ್ನೊಂದು ಸಲ ಹೇಳಿಸಿಕೊಂಡು ಕೇಳಿದೆ. ಇಷ್ಟು ವರ್ಷ ಗಲಾಟೆ ಅಂದುಕೊಂಡಿದ್ದರೊಳಗೆ ಇಂಥ ಮಾತಿತ್ತೇ ಅನ್ನಿಸಿತು. ಈ ಪದದ ಎದುರು ನಿಂತು ಅಪ್ಪ ನಗಬಾರದಿತ್ತು, ಅದನ್ನು ಒಪ್ಪುತ್ತೇನೆ.

ಒಂದು ಕೇಳಬೇಕು. ಪೋಸ್ಟ್‌ಮಾರ್ಟಮ್‌ನಲ್ಲಿ ಎರಡು ಗಾಯ ಅಂತ ಬರೆದಿದ್ದಾರೆ, ತೋಳಿಗೊಂದು, ಹೊಟ್ಟೆಗೊಂದು. ನೀನು ಕತ್ತಿ ಬೀಸಿದ್ದು ಡೋಲಿಗೋ, ಅಪ್ಪನಿಗೋ? ಸುಳ್ಳು ಹೇಳುವುದಾದರೆ ಉತ್ತರ ಬರೆಯಲೇ ಬೇಡ.

ಸುಕನ್ಯಾ


ಜೈಲು, ಚಿಕ್ಕಮಗಳೂರು
14 ಫೆಬ್ರವರಿ 2025

ಸುಕನ್ಯಾ,

ಮಗನ ಹಲ್ಲಿನ ಸುದ್ದಿ ಓದಿ ಗೋಡೆಗೆ ತಲೆ ಚಚ್ಚಿಕೊಂಡೆ. ಪಕ್ಕದವರು ಹಿಡಿದುಕೊಂಡರು. ನೀನು ಹತ್ತಿ ಇಟ್ಟದ್ದನ್ನು ಮಾತ್ರ ಮತ್ತೆ ಮತ್ತೆ ಓದಿದೆ.

ಕೇಳಿದ್ದಕ್ಕೆ ಹೇಳುತ್ತೇನೆ. ಸೋತವನು ಡೋಲು ಇಳಿಸದಿದ್ದರೆ ಗೆದ್ದವನು ಕತ್ತಿಯಿಂದ ಅದರ ತೊಗಲು ಸೀಳಬಹುದು. ಅದು ಕಟ್ಟಳೆ. ಮೊದಲನೇ ಏಟು ತೊಗಲಿಗೇ ಹಾಕಿದ್ದು. ನಿಮ್ಮಪ್ಪ ಡೋಲನ್ನು ತಬ್ಬಿಕೊಂಡು ತಿರುಗಿಬಿಟ್ಟ, ತೋಳಿಗೆ ಬಿತ್ತು. ರಕ್ತ ಚಿಮ್ಮಿತು. ಅಷ್ಟಾದರೂ ಅವನು ನಗುವುದನ್ನು ಬಿಡಲಿಲ್ಲ. ಎರಡನೇ ಏಟು ಡೋಲಿಗಲ್ಲ, ಅವನಿಗೇ. ಹೊಟ್ಟೆ ನೋಡಿಯೇ ಹಾಕಿದ್ದು. ಎರಡೂ ಡೋಲಿಗೇ ಅಂತ ಹೇಳು ಅಂದಿದ್ದಾರೆ ವಕೀಲರು. ಈ ಕಾಗದವನ್ನು ಕೋರ್ಟಿಗೆ ಕೊಡುವುದಾದರೆ ಕೊಡು, ನಾನು ಇಲ್ಲ ಅನ್ನುವುದಿಲ್ಲ.

ಉತ್ತರ ಕೊಡುತ್ತೇನೆ. ಅದು ಬಾಯಲ್ಲಿ ಹೇಳುವುದಲ್ಲ, ಬಡಿಯುವುದು. ಕಾಗದದಲ್ಲಿ ಬಡಿಯಲು ಬರುವುದಿಲ್ಲ. ಭೇಟಿಯ ದಿನ ಬಾ. ನಿನ್ನ ಆಧಾರ್ ಕಾರ್ಡ್ ತಾ, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ.

ಅದಕ್ಕೆ ಬದಲು ಒಂದು ಮಾತು ಕೊಡಬೇಕು. ಸಂಕದ ಮೇಲೆ ಯಾರ ಡೋಲು ನೆಲ ಮುಟ್ಟಿದರೂ ಸರಿ, ಸೋತವನದಾಗಲಿ ಗೆದ್ದವನದಾಗಲಿ, ಅಲ್ಲಿಗೆ ಎಲ್ಲ ಮುಗಿಯಿತು. ಆಮೇಲೆ ಕತ್ತಿ ಎತ್ತಿದವನನ್ನು ಅವನ ಊರೇ ಹೊರಗೆ ಹಾಕುತ್ತದೆ. ಎಂಥ ರೌಡಿಯೂ ಇದನ್ನು ಮೀರಿದ್ದು ನಾನು ನೋಡಿಲ್ಲ. ಅಣ್ಣಪ್ಪ ಹಟಮಾರಿ. ನೀನು ಗೆದ್ದ ಮೇಲೂ ಅವನು ಇಳಿಸದೆ ನಿಂತರೆ, ನಿನ್ನ ಡೋಲನ್ನು ನೀನೇ ಇಳಿಸಬೇಕು. ಗೆದ್ದವಳು ಇಳಿಸಿದರೆ ಸೋತ ಲೆಕ್ಕ, ನಿಮ್ಮಪ್ಪನ ಡೋಲು ಸುಟ್ಟು ಹೋಗುತ್ತದೆ. ನನಗೆ ಗೊತ್ತು. ಆದರೂ ಇಳಿಸಬೇಕು.

ಒಪ್ಪಿಗೆಯಾದರೆ ಬಾ. ಇಲ್ಲದಿದ್ದರೆ ಬರಬೇಡ.

ಕೆಂಚಯ್ಯ


ಕಡೆಮಕ್ಕಿ
9 ಮಾರ್ಚ್ 2025

ಕೆಂಚಯ್ಯನವರಿಗೆ,

ನಿಮ್ಮನ್ನು ನೋಡಿ ಬಂದ ಮೇಲೆ ‘ನೀನು’ ಅಂತ ಬರೆಯಲು ಕೈ ಬರುತ್ತಿಲ್ಲ. ಕ್ಷಮಿಸಿದ್ದೇನೆ ಅಂತ ತಿಳಿಯಬೇಡಿ. ಕಲಿಸಿದವರನ್ನು ಏಕವಚನದಲ್ಲಿ ಕರೆಯಲಾರೆ, ಅಷ್ಟೇ.

ಜಾಲರಿಯ ಪಕ್ಕದ ತಗಡಿಗೆ ಬೆರಳ ಗಿಣ್ಣಿನಿಂದ ನೀವು ಬಡಿದದ್ದು, ನಾನು ಬಡಿದದ್ದು, ‘ಇದೇನಮ್ಮಾ, ಮಾತಾಡಕ್ಕೆ ಬಂದಿದೀರೋ ಗಲಾಟೆ ಮಾಡಕ್ಕೆ ಬಂದಿದೀರೋ’ ಅಂತ ಆ ಪೊಲೀಸಪ್ಪ ಗದರಿಸಿದ್ದು, ಎಲ್ಲ ತಲೆಯಲ್ಲಿ ಹಾಗೇ ಇದೆ. ವಾಪಸ್ ಬರುವಾಗ ಬಸ್ಸಿನ ಸೀಟಿಗೂ ಬಡಿಯುತ್ತ ಬಂದೆ. ಗಿಣ್ಣು ಸುಲಿದು ರಕ್ತ ಬಂದಿತ್ತು, ಇಳಿದ ಮೇಲೆಯೇ ನೋಡಿಕೊಂಡದ್ದು. ನಿಮ್ಮ ಕೈಯನ್ನೇ ನೋಡುತ್ತಿದ್ದೆ, ನಿಜ ಹೇಳುತ್ತೇನೆ. ಇದೇ ಕೈ ಅಲ್ಲವೇ ಅಂತ.

ಮನೆಗೆ ಬಂದು ಅಡುಗೆಮನೆಯ ಬಾಗಿಲಿಗೆ ಬಡಿದು ನೋಡುತ್ತಿದ್ದೆ. ಮುತ್ತಮ್ಮ ಅಮ್ಮನ ಜೊತೆ ಕೂತಿದ್ದವಳು ತಲೆ ಎತ್ತಿದಳು. ‘ಅಯ್ಯೋ ಇವಳಾ! ಇದು ಭತ್ತ ಕುಟ್ಟೋ ವರಸೆ ಅಲ್ವೇನೇ? ಇಬ್ರು ಎದುರಾಬದುರಾ ನಿಂತು ಒಂದೇ ಒರಳಿಗೆ ಒನಕೆ ಹಾಕೋದು’ ಅಂದಳು. ಎದ್ದು ಬಂದು ಇನ್ನರ್ಧ ತಾನು ಬಡಿದು ತೋರಿಸಿದಳು.

ನೀವು ಇದನ್ನು ಹೇಳಲಿಲ್ಲ. ನಿಮಗೂ ಗೊತ್ತಿರಲಿಲ್ಲವೋ ಏನೋ. ತೊಗಲಿಲ್ಲದ ಡೋಲು ಅಂದರೆ ಒರಳು. ಗಂಡಸರು ಮೂರು ತಲೆಮಾರು ಗುಟ್ಟು ಮಾಡಿ, ದಾರಿಯಲ್ಲಿ ಮೀಸೆ ತಿರುವಿ, ಕತ್ತಿ ಹಿಡಿದು ಕಾದದ್ದು ಹೆಂಗಸರು ದಿನಾ ಬೆಳಗ್ಗೆ ಅಂಗಳದಲ್ಲಿ ಬಡಿಯುತ್ತಿದ್ದ ಸದ್ದನ್ನು! ಅಕ್ಕಿ ಗಿರಣಿ ಬಂತು, ಒನಕೆ ಮೂಲೆ ಸೇರಿತು, ಗಂಡಸರು ಮರೆತರು. ಅಮ್ಮ ಒಳಗೆ ಹೋಗಿ ಒನಕೆ ತಂದು ಅಂಗಳಕ್ಕೆ ಬೀಸಿ ಎಸೆದಳು. ‘ನಂಗೆ ಒಂದ್ ಮಾತು ಕೇಳಿದ್ರೆ ಆಗ್ತಿತ್ತಲ್ಲೇ ಆ ಮನ್ಷ! ಒಂದೇ ಒಂದ್ ಮಾತು!’ ಅಂತ ಎದೆ ಎದೆ ಬಡಿದುಕೊಂಡಳು. ನಾನು ಎಷ್ಟು ಹಿಡಿದರೂ ಸುಮ್ಮನಾಗಲಿಲ್ಲ.

ಇನ್ನೊಂದು ಸಂಗತಿ. ನಾನು ಜೈಲಿಗೆ ಬಂದದ್ದು ಅಣ್ಣನಿಗೆ ಗೊತ್ತಾಯಿತು. ‘ಅಪ್ಪನ್ನ ಕೊಂದೋನ್ ಕಾಲು ಹಿಡ್ಯಕ್ಕೆ ಹೋಗಿದ್ಯೇನೇ’ ಅಂತ ಜುಟ್ಟು ಹಿಡಿದು ಪಾರ್ಚ್‌ಮೆಂಟ್ ಕಾಫಿ ಒಣಗಿಸುವ ಕಣದಲ್ಲಿ ಎಳೆದಾಡಿದ. ಬಲಗೈ ಮೇಲೆ ಬೂಟುಗಾಲಿಟ್ಟು ತುಳಿದ. ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ, ಸುಗ್ಗಿಯೊಳಗೆ ಬಿಚ್ಚುವುದಿಲ್ಲವಂತೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸರಿ ಮಾಡಿಕೊಂಡು ಓದಿ.

ಮಾತು ಕೊಟ್ಟಿದ್ದೇನೆ. ನೆನಪಿದೆ.

ಸುಕನ್ಯಾ


ಜೈಲು, ಚಿಕ್ಕಮಗಳೂರು
22 ಮಾರ್ಚ್ 2025

ಮಗಳೇ ಸುಕನ್ಯಾ,

ನಮ್ಮಜ್ಜಿ ಭತ್ತ ಕುಟ್ಟುತ್ತಿದ್ದದ್ದು ನನಗೆ ನೆನಪಿದೆ. ಅದೇ ಇದು ಅಂತ ಇಷ್ಟು ವರ್ಷ ಹೊಳೆಯಲಿಲ್ಲ. ಅಜ್ಜ ಹೇಳಿಕೊಟ್ಟ, ನಾನು ಬಡಿದೆ. ನಿಮ್ಮಮ್ಮ ಎದೆ ಬಡಿದುಕೊಂಡದ್ದನ್ನು ಓದಿದ ದಿನ ಊಟ ಮಾಡಲು ಆಗಲಿಲ್ಲ.

ಎಡಗೈ ಸಾಕು. ನಿನ್ನ ಅರ್ಧ ನೀನು ಬಡಿ, ಇನ್ನರ್ಧ ಮುತ್ತಮ್ಮ ಬಡಿಯಲಿ. ಅದು ಇಬ್ಬರದೇ ಅಲ್ಲವೇ.

ಅಣ್ಣಪ್ಪನಿಗೆ ಬರೆದಿದ್ದೆ, ಆ ಹುಡುಗಿ ಗೆದ್ದರೆ ಸುಮ್ಮನೆ ಇಳಿಸಿ ಬಾ ಅಂತ. ಕಾಗದ ಹರಿದು ಅದೇ ಲಕೋಟೆಯಲ್ಲಿ ತುಂಬಿ ವಾಪಸ್ ಕಳಿಸಿದ್ದಾನೆ. ಒಂದು ಅಕ್ಷರ ಬರೆದಿಲ್ಲ. ಅದಕ್ಕೇ ಮತ್ತೆ ಕೇಳುತ್ತೇನೆ. ಅವನು ಇಳಿಸದಿದ್ದರೆ ನೀನು ಇಳಿಸು. ಕೈ ಮುಗಿಯುತ್ತೇನೆ. ಈ ಜನ್ಮದಲ್ಲಿ ಯಾರಿಗೂ ಕೈ ಮುಗಿದವನಲ್ಲ ನಾನು.

ಕೆಂಚಯ್ಯ


ಕಡೆಮಕ್ಕಿ
12 ಏಪ್ರಿಲ್ 2025

ಕೆಂಚಯ್ಯನವರಿಗೆ,

ಪೊಲೀಸರು ನಿಮಗೆ ಹೇಳಿರುತ್ತಾರೆ. ಅವರು ಹೇಳಿರದ ಭಾಗವನ್ನು ನಾನು ಹೇಳಬೇಕು.

ಮಧ್ಯಾಹ್ನ ನಮ್ಮ ಮೇಳಕ್ಕಿಂತ ಮುಂದೆ ಹೋಗಿ ನಾನು ಮತ್ತು ಮುತ್ತಮ್ಮ ಸಂಕದ ಮೇಲೆ ನಿಂತೆವು. ಕೊರಳಿಗೆ ಮುತ್ತಮ್ಮನ ಮನೆಯ ಡೋಲು ಹಾಕಿಕೊಂಡಿದ್ದೆ. ‘ಹೆಂಗಸ್ರೆಲ್ಲ ದಾರಿ ಬಿಡ್ರಿ’ ಅಂತ ನಿಮ್ಮೂರಿನವರು ಕೂಗಿದರು. ಮುತ್ತಮ್ಮ ಎಲೆ ಅಡಿಕೆ ಉಗಿದು ‘ಬಿಡಲ್ಲ ಕಣ್ರಯ್ಯ, ಪದ ಹೇಳಿ’ ಅಂದಳು. ಅಣ್ಣಪ್ಪ ನಮ್ಮ ಡೋಲನ್ನು ಕೊರಳಿಗೆ ಹಾಕಿಕೊಂಡೇ ತಡೆ ಪದ ಹಾಡಿದ. ಹಲ್ಲಿಲ್ಲದಿದ್ದರೂ ಚೆನ್ನಾಗಿ ಹಾಡಿದ. ಎಷ್ಟು ಚೆನ್ನಾಗಿ ಅಂದರೆ, ಇವನು ಸೋಲದಿದ್ದರೂ ಪರವಾಗಿಲ್ಲ ಅಂತ ಒಂದು ಗಳಿಗೆ ಅನ್ನಿಸಿತು.

ನಾವಿಬ್ಬರೂ ಎದುರಾಬದುರಾ ನಿಂತು ಒಂದೇ ಡೋಲಿಗೆ ಬಡಿದೆವು. ಸಂಕದ ಆಚೆ ನಿಂತಿದ್ದ ಎರಡೂ ಊರಿನ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಅಳಲು ಶುರು ಮಾಡಿದರು. ಅಣ್ಣಪ್ಪನಿಗೆ ಗುರುತು ಸಿಕ್ಕಿತು. ‘ಅಪ್ಪ ಕಲ್ಸಿದ್ದು ಇದು. ನನ್ನಪ್ಪನೇ ಕಲ್ಸಿದ್ದು. ಇದು ಗೆದ್ದಿದ್ದಲ್ಲ, ಕದ್ದಿದ್ದು’ ಅಂದ. ಡೋಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತ. ಹಿಂದಿನಿಂದ ನನ್ನ ಅಣ್ಣ ಜೀಪಿನಿಂದ ಇಳಿದು ಬಂದ, ಮರಗಸಿ ಕತ್ತಿ ಹಿಡಿದುಕೊಂಡು. ಅವಸರವಿಲ್ಲದೆ ನಡೆದು ಬಂದ.

ಬಡಿದು ಮುಗಿದ ಮೇಲೆ ನನ್ನ ಡೋಲನ್ನು ಕೊರಳಿಂದ ತೆಗೆದಿದ್ದೆ, ಅದರ ಹಗ್ಗ ಎಡಗೈಯಲ್ಲೇ ಇತ್ತು. ಬಿಟ್ಟಿದ್ದರೆ ಸಾಕಿತ್ತು, ನೆಲ ಮುಟ್ಟುತ್ತಿತ್ತು. ನಿಮಗೆ ಕೊಟ್ಟ ಮಾತು ನೆನಪಿತ್ತು. ಮುತ್ತಮ್ಮ ‘ಇಳ್ಸೇ, ಇಳ್ಸೇ ಹುಡ್ಗಿ’ ಅಂತ ಕಿರುಚುತ್ತಿದ್ದಳು. ಹೆದರಿ ಕೈಕಾಲು ಆಡಲಿಲ್ಲ ಅಂತ ಊರಿಗೆಲ್ಲ ಹೇಳಿದ್ದೇನೆ. ನಿಮಗೆ ಹಾಗೆ ಹೇಳಲಾರೆ. ಇಳಿಸಿದರೆ ಅಪ್ಪ ಎರಡನೇ ಸಲ ಸೋತ ಹಾಗೆ ಅನ್ನಿಸಿತು. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. ಗೊತ್ತಿದ್ದೇ ಸುತ್ತಿಕೊಂಡೆ.

ಅಣ್ಣ ಡೋಲಿನ ಕಡೆ ನೋಡಲೇ ಇಲ್ಲ. ಕುತ್ತಿಗೆಗೆ ಹಾಕಿದ. ಅಣ್ಣಪ್ಪ ಬೀಳುವಾಗಲೂ ಡೋಲು ಬಿಡಲಿಲ್ಲ. ಅವನ ಕೈ ಬಿಡಿಸಿ ಡೋಲು ತೆಗೆದವಳು ನಾನು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಆಗ ಅವನಿಗೆ ಇನ್ನೂ ಉಸಿರಿತ್ತು, ನನ್ನನ್ನೇ ನೋಡುತ್ತಿದ್ದ. ಬಾಳೂರು ತಲುಪುವಷ್ಟರಲ್ಲಿ ಹೋಗಿಬಿಟ್ಟ.

ಡೋಲು ನಮ್ಮ ಮನೆಗೆ ಬಂತು. ಅಮ್ಮ ಒಳಗೆ ತರಗೊಡಲಿಲ್ಲ. ‘ನೀನೂ ಅವ್ರ ಥರದವ್ಳೇ’ ಅಂದಳು. ಅಂದಿನಿಂದ ನನಗೆ ತಟ್ಟೆಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಜಯಪ್ರಕಾಶನನ್ನು ನೀವಿರುವ ಜೈಲಿಗೇ ತರುತ್ತಾರಂತೆ. ಅವನಿಗೆ ಏನೂ ಮಾಡಬೇಡಿ ಅಂತ ಕೇಳುವ ಮುಖ ನನಗಿಲ್ಲ. ಆದರೆ ನನಗೂ ಉಳಿದಿರುವುದು ಒಬ್ಬನೇ ಅಣ್ಣ. ಕೇಳುತ್ತಿದ್ದೇನೆ.

ಸುಕನ್ಯಾ


ಜೈಲು, ಚಿಕ್ಕಮಗಳೂರು
24 ಏಪ್ರಿಲ್ 2025

ಸುಕನ್ಯಾ,

ಇದನ್ನು ಜಾಮೀನಿನ ಮೇಲೆ ಹೊರಗೆ ಹೋಗುವವನ ಕೈಯಲ್ಲಿ ಕೊಡುತ್ತಿದ್ದೇನೆ. ಅಂಚೆಗೆ ಹಾಕಿದರೆ ನಿನಗೆ ತಲುಪಲು ತಡವಾಗುತ್ತದೆ.

ಮಗನ ಮುಖ ನೋಡಲು ಪೊಲೀಸರ ಜೊತೆ ಕಳಿಸಿದ್ದರು. ಕೈಗೆ ಕೋಳವಿತ್ತು, ಮಣ್ಣು ಹಾಕಲೂ ಸರಿಯಾಗಿ ಆಗಲಿಲ್ಲ. ನೀನು ಬಿಡಿಸಿದ ಬೆರಳುಗಳನ್ನು ನೋಡಿದೆ. ನೀನು ಇಳಿಸಲಿಲ್ಲ ಅಂತ ಯಾರೂ ಹೇಳದೆಯೇ ನನಗೆ ಗೊತ್ತಿತ್ತು. ನಾನಾಗಿದ್ದರೂ ಇಳಿಸುತ್ತಿರಲಿಲ್ಲ. ಅದಕ್ಕೆ ನಿನ್ನನ್ನು ಬೈಯಲು ಬಾಯಿ ಬರುತ್ತಿಲ್ಲ, ಕ್ಷಮಿಸಲೂ ಬರುತ್ತಿಲ್ಲ.

ನಿನ್ನ ಅಣ್ಣ ಬಂದಿದ್ದಾನೆ. ನಮ್ಮ ಬ್ಯಾರಕ್ಕಿಗೇ ಹಾಕಿದ್ದಾರೆ. ಎರಡು ಚಾಪೆ ಆಚೆ ಮಲಗುತ್ತಾನೆ. ಊಟದ ಹೊತ್ತಿಗೆ ತಟ್ಟೆ ಹಿಡಿದು ಬೇಕೆಂದೇ ನನ್ನ ಪಕ್ಕ ಬಂದು ಕೂರುತ್ತಾನೆ, ಹೆದರಿಕೆ ಇಲ್ಲ ಅಂತ ತೋರಿಸಲು. ಅನ್ನ ಕಲಸಿ, ಅರ್ಧಕ್ಕೇ ಬಿಟ್ಟು ಏಳುತ್ತಾನೆ. ನಿನ್ನೆ ಕೆಳಗೆ ನೋಡಿಕೊಂಡೇ ‘ನೀರು ಬೇಕಾ’ ಅಂತ ಕೇಳಿದ. ನಾನು ತಟ್ಟೆ ಎತ್ತಿಕೊಂಡು ಎದ್ದು ಹೋದೆ.

ಒಂದು ತಗಡಿನ ಚೂರು ಸಿಕ್ಕಿತು. ಅದನ್ನು ಬಚ್ಚಲ ಕಲ್ಲಿಗೆ ಉಜ್ಜಿ ಚೂಪು ಮಾಡಿದ್ದೇನೆ. ಚಾಪೆಯ ಕೆಳಗಿದೆ. ಬಿಸಾಡೋಣ ಅಂತ ತೆಗೆಯುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ಇಲ್ಲಿಯವರಿಗೆ ನಾನೇ ಹೇಳಿ ಅವನನ್ನು ಬೇರೆ ಕಡೆ ಹಾಕಿಸಬಹುದು. ಎದ್ದು ಹೋಗುತ್ತೇನೆ, ಅವರ ಎದುರು ನಿಲ್ಲುತ್ತೇನೆ, ನಾಲಗೆ ಏಳುವುದಿಲ್ಲ.

ನೀನು ನಾಳೆಯೇ ವಕೀಲರನ್ನು ಹಿಡಿ. ನನ್ನಿಂದ ಅಣ್ಣನ ಜೀವಕ್ಕೆ ಅಪಾಯ ಇದೆ ಅಂತ ಬರೆದುಕೊಡು. ಈ ಕಾಗದವನ್ನೇ ತೋರಿಸು. ಅವನನ್ನು ಶಿವಮೊಗ್ಗಕ್ಕೋ ಹಾಸನಕ್ಕೋ ಎಲ್ಲಿಗಾದರೂ ಹಾಕಿಸು.

ಬೇಗ ಮಾಡು ಮಗಳೇ. ನನಗೆ ಉತ್ತರ ಬರೆಯುತ್ತ ಕೂರಬೇಡ.

ಕೆಂಚಯ್ಯ